ಹೂಡುವುದು, ಬಿಚ್ಚುವುದು: ಬಾಹ್ಯ ಡಿಸ್ಕುಗಳ ಮೌಂಟಿಂಗ್ ಮತ್ತು ಕನ್ನಡ ಹೆಸರುಗಳ ಅಳತೆ

ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಅದರ ಕಿಟಕಿ ಪರದೆಯ ಮೇಲೆ ತಾನಾಗಿ ತೆರೆದುಕೊಳ್ಳುತ್ತದೆ. ತೆಗೆಯುವಾಗ ಮಾತ್ರ ಯಂತ್ರ ನಮ್ಮ ಅಪ್ಪಣೆಗೆ ಕಾಯುತ್ತದೆ. ಸೇರಿಸುವುದು ಯಂತ್ರದ ಪಾಲಿಗೆ, ಬಿಡಿಸುವುದು ಮನುಷ್ಯನ ಪಾಲಿಗೆ ಎಂಬ ಈ ಹಂಚಿಕೆ ಹೇಗೆ ಬಂತು, ಅದರೊಳಗೆ ಕನ್ನಡದ ಹೆಸರುಗಳು ಎಲ್ಲಿ ಸಿಕ್ಕಿಬೀಳುತ್ತವೆ ಎಂಬುದನ್ನು ಲಿನಕ್ಸ್ ಡೆಸ್ಕ್‌ಟಾಪನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸಿದ್ದೇನೆ. ಲೆಕ್ಕಕ್ಕೆ ತೆಗೆದುಕೊಂಡಿರುವುದು ವಿಜಯಪುರ ನಗರ, ಅದರ ಬಡಾವಣೆಯಾದ ಜಲನಗರ ಮತ್ತು ಸುತ್ತಲಿನ ತಾಲ್ಲೂಕುಗಳ ಹೆಸರುಗಳನ್ನು.

ಡಿಸ್ಕನ್ನು ಹೀಗೆ ಸೇರಿಸುವುದಕ್ಕೆ ಬಳಸುವ 'ಮೌಂಟ್' ಎಂಬ ಮಾತು ಹಳೆಯದು. 1971ರ ಯುನಿಕ್ಸ್ ಮೊದಲ ಆವೃತ್ತಿಯ ಕೈಪಿಡಿಯಲ್ಲೇ ಅದಿದೆ. ಆಗ ಡಿಸ್ಕು, ಟೇಪುಗಳನ್ನು ಕೈಯಿಂದಲೇ ಯಂತ್ರಕ್ಕೆ ಏರಿಸಬೇಕಿತ್ತು. ಆಮೇಲೆ ಅದರ ಕಡತವ್ಯವಸ್ಥೆಯನ್ನು ಮೂಲವೃಕ್ಷದ ಒಂದು ಕೊಂಬೆಗೆ ಜೋಡಿಸಲು ಆಜ್ಞೆ ಕೊಡಬೇಕಿತ್ತು. ಕನ್ನಡದಲ್ಲಿ ಇದಕ್ಕೆ 'ಆರೋಹಣ' ಎಂದರೆ ಬೆಟ್ಟ ಹತ್ತಿದ ಹಾಗೆ ಕೇಳಿಸುತ್ತದೆ. ಎತ್ತನ್ನು ಗಾಡಿಗೆ ಹೂಡುತ್ತೇವೆ, ಕೆಲಸ ಮುಗಿದ ಮೇಲೆ ಬಿಚ್ಚುತ್ತೇವೆ. 'ಹೂಡು', 'ಬಿಚ್ಚು' ಎಂಬ ಜೋಡಿಯೇ ಈ ಕ್ರಿಯೆಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ನೊಗದಲ್ಲಿರುವ ಎತ್ತನ್ನು ಹಗ್ಗ ಬಿಚ್ಚದೆ ಯಾರೂ ಎಳೆದೊಯ್ಯುವುದಿಲ್ಲ.

ಇಂದಿನ ಲಿನಕ್ಸ್‌ನಲ್ಲಿ ಹೂಡುವ ಕೆಲಸ ಹಲವು ಕೈ ದಾಟುತ್ತದೆ. ಹೊಸ ಸಾಧನ ಬಂದಿದೆ ಎಂದು ಕರ್ನಲ್ ಸಾರುತ್ತದೆ. ಅದು ಯಾವ ಬಗೆಯದು, ಅದರ ಲೇಬಲ್ ಏನು, ಗುರುತುಸಂಖ್ಯೆ ಏನು ಎಂಬುದನ್ನು ಯುಡೆವ್ ಎಂಬ ಸಾಧನ ನಿರ್ವಾಹಕ ಕಂಡುಕೊಳ್ಳುತ್ತದೆ. ಡೆಸ್ಕ್‌ಟಾಪ್ ಕೇಳಿದಾಗ ಯುಡಿಸ್ಕ್ಸ್ ಎಂಬ ಸೇವೆ ಬಳಕೆದಾರನ ಹೆಸರಿನ ಮೀಡಿಯಾ ಕೋಶದೊಳಗೆ ಆ ಲೇಬಲ್ಲಿನದೇ ಹೆಸರಿನ ಕೋಶ ತೆರೆದು ಡಿಸ್ಕನ್ನು ಅಲ್ಲಿ ಜೋಡಿಸುತ್ತದೆ. ಲೇಬಲ್ ಇಲ್ಲದಿದ್ದರೆ ಗುರುತುಸಂಖ್ಯೆಯೇ ಹೆಸರಾಗುತ್ತದೆ. ಕನ್ನಡಕ್ಕೆ ಈ ಸ್ವಯಂಚಾಲನೆಯಿಂದ ಒಂದು ಲಾಭವೂ ಇದೆ. ಫ್ಯಾಟ್ ಮಾದರಿಯ ಪೆನ್‌ಡ್ರೈವನ್ನು ಯುಡಿಸ್ಕ್ಸ್ ಯುಟಿಎಫ್-8 ಆಯ್ಕೆಯೊಡನೆ ಹೂಡುತ್ತದೆ. ಅದೇ ಡ್ರೈವನ್ನು ಆ ಆಯ್ಕೆ ಕೊಡದೆ ಕೈಯಾರೆ ಹೂಡಿದರೆ ಕೆಲವು ಕರ್ನಲ್‌ಗಳಲ್ಲಿ ಕನ್ನಡ ಕಡತಗಳ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತವೆ.

ತೊಡಕು ಲೇಬಲ್ಲಿನಲ್ಲಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ಸ್ವರಚಿಹ್ನೆಗಳೂ ಹಲಂತಚಿಹ್ನೆಯೂ ಬೇರೆ ಬೇರೆ ಸಂಕೇತಗಳೇ. ಲಿನಕ್ಸ್‌ನ ಎಕ್ಸ್ಟ್4 ಕಡತವ್ಯವಸ್ಥೆ ಲೇಬಲ್ಲಿಗೆ ಕೊಟ್ಟಿರುವ ಜಾಗ 16 ಬೈಟ್. 'ಜಲನಗರ' 5 ಸಂಕೇತ, 15 ಬೈಟ್. ಅಳತೆ ತೆಗೆದು ಹೊಲಿದಂತೆ ಕೂರುತ್ತದೆ. 'ತಿಕೋಟಾ' 18, 'ವಿಜಯಪುರ' 21, 'ಬಬಲೇಶ್ವರ' 24, ಯಾವುದೂ ಹಿಡಿಸುವುದಿಲ್ಲ. ಇ2ಲೇಬಲ್ ಆಜ್ಞೆ ಎಚ್ಚರಿಕೆ ಕೊಟ್ಟು ಕತ್ತರಿಸುತ್ತದೆ. ಆಗ 'ವಿಜಯಪ' ಉಳಿದು, ಉಕಾರದ ಮೂರು ಬೈಟ್‌ಗಳಲ್ಲಿ ಒಂದು ಮಾತ್ರ ಬಾಲವಾಗಿ ನೇತಾಡುತ್ತದೆ. 2014ರ ನವೆಂಬರ್ 1ರಂದು ಊರಿನ ಹೆಸರು ಬದಲಾದರೂ ಈ ಲೆಕ್ಕ ಬದಲಾಗಲಿಲ್ಲ: 'ಬಿಜಾಪುರ'ವೂ 7 ಸಂಕೇತವೇ.

ಎಕ್ಸ್‌ಫ್ಯಾಟ್ ಬೈಟ್ ಎಣಿಸುವುದಿಲ್ಲ, ಸಂಕೇತ ಎಣಿಸುತ್ತದೆ. ಅದರ ಮಿತಿ 11. 'ಮುದ್ದೇಬಿಹಾಳ' ಸರಿಯಾಗಿ 11, ಹಿಡಿಸುತ್ತದೆ. 'ಬಸವನಬಾಗೇವಾಡಿ' 12, ಹೊರಗುಳಿಯುತ್ತದೆ. ಎನ್‌ಟಿಎಫ್‌ಎಸ್ 32ರವರೆಗೆ ಉದಾರ. ಹಳೆಯ ಫ್ಯಾಟ್32ರ ಲೇಬಲ್ಲಿಗೆ 11 ಬೈಟ್, ಅದೂ ಹಳೆಯ ಕೋಡ್‌ಪುಟದ ಅಕ್ಷರಗಳಲ್ಲಿ. ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ.

ಕಡತಗಳ ಹೆಸರಿನಲ್ಲಿ ಪೆಟ್ಟು ಇನ್ನೂ ಜೋರು. ಎಕ್ಸ್ಟ್4ರಲ್ಲಿ ಮಿತಿ 255 ಬೈಟ್, ಎನ್‌ಟಿಎಫ್‌ಎಸ್‌ನಲ್ಲಿ 255 ಸಂಕೇತ. ಉದಾಹರಣೆಗೆಂದು ನಾನೇ ಕಟ್ಟಿದ ಒಂದು ಪ್ರಬಂಧದ ಹೆಸರು ನೋಡಿ: 'ವಿಜಯಪುರ ಜಿಲ್ಲೆಯ ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ದ್ರಾಕ್ಷಿ ಬೆಳೆಗಾರರ ಆರ್ಥಿಕ ಸ್ಥಿತಿಗತಿ ಒಂದು ಅಧ್ಯಯನ'. ಖಾಲಿ ಜಾಗ ಸೇರಿ 95 ಸಂಕೇತ, ವಿಂಡೋಸ್‌ನಲ್ಲಿ ಸಲೀಸು. ಲಿನಕ್ಸ್‌ನ ಲೆಕ್ಕದಲ್ಲಿ 263 ಬೈಟ್. ಹೆಸರು ಉದ್ದವಾಯಿತೆಂದು ಆ ಕಡತದ ನಕಲು ಶುರುವಾಗುವುದೇ ಇಲ್ಲ. 'ಸ್ಥಿತಿಗತಿ'ಯವರೆಗೆ 231 ಮಾತ್ರ. ಮಿತಿ ಮೀರುವುದು ನಮ್ಮ ವಿಶ್ವವಿದ್ಯಾಲಯಗಳ ಮುದ್ದಿನ 'ಒಂದು ಅಧ್ಯಯನ'ದಿಂದಲೇ!

ಇನ್ನು ಬಿಚ್ಚುವ ಮಾತು. 'ನಕಲು ಮುಗಿಯಿತು' ಎಂದು ಪರದೆ ಹೇಳಿದಾಗ ದತ್ತಾಂಶ ಡಿಸ್ಕಿನಲ್ಲೇ ಇರಬೇಕೆಂದಿಲ್ಲ. ಸ್ಮರಣೆಯಲ್ಲಿ ಸರದಿ ನಿಂತಿರಬಹುದು. ಲಿನಕ್ಸ್ ಕರ್ನಲ್ಲಿನ ಮೂಲ ಹೊಂದಾಣಿಕೆಯಂತೆ ಬರೆಯುವ ಎಳೆ 5 ಸೆಕೆಂಡಿಗೊಮ್ಮೆ ಏಳುತ್ತದೆ, 30 ಸೆಕೆಂಡಿಗಿಂತ ಹಳೆಯದಾದ ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತದೆ. ನಿಧಾನದ ಪೆನ್‌ಡ್ರೈವ್ ಆದರೆ ಸಾಗಣೆ ನಿಮಿಷಗಟ್ಟಲೆ ನಡೆಯಬಹುದು. ಫ್ಯಾಟ್‌ಗೆ ಯುಡಿಸ್ಕ್ಸ್ 'ಫ್ಲಶ್' ಆಯ್ಕೆ ಹಾಕಿ ಈ ಕಾಯುವಿಕೆಯನ್ನು ತಗ್ಗಿಸುತ್ತದೆ. ಬೇರೆ ಮಾದರಿಗಳಿಗೆ ಆ ಸೌಕರ್ಯವಿಲ್ಲ. ನಡುವೆ ಕಿತ್ತರೆ ಎಕ್ಸ್ಟ್4ರ ಜರ್ನಲ್ ಕಡತವ್ಯವಸ್ಥೆಯ ಚೌಕಟ್ಟನ್ನು ಉಳಿಸಿಕೊಳ್ಳುತ್ತದೆ, ಬರೆಯದ ಅಕ್ಷರಗಳನ್ನಲ್ಲ. ಫ್ಯಾಟ್‌ಗೆ ಆ ಚೌಕಟ್ಟಿನ ಕಾವಲೂ ಇಲ್ಲ.

ವಿಂಡೋಸ್ 10ರ 1809ನೇ ಆವೃತ್ತಿಯಿಂದ 'ಬೇಗ ತೆಗೆಯುವ' ನೀತಿಯೇ ಮೂಲ ಹೊಂದಾಣಿಕೆ. ಅದನ್ನೇ ನೆಚ್ಚಿ ಎಜೆಕ್ಟ್ ಬೇಡವೆನ್ನುವವರಿದ್ದಾರೆ. ಬರಹ ನಡೆಯುತ್ತಿರುವಾಗ ಕಿತ್ತರೆ ಯಾವ ನೀತಿಯೂ ಕಾಯದು. ಮತ್ತೊಂದು ಭೇದವನ್ನು ಹೆಚ್ಚಿನವರು ಗಮನಿಸುವುದಿಲ್ಲ: ಅನ್‌ಮೌಂಟ್ ಬೇರೆ, ಪವರ್ ಆಫ್ ಬೇರೆ. ಮೊದಲನೆಯದು ಬರಹ ಮುಗಿಸಿ ಹಗ್ಗ ಬಿಚ್ಚುತ್ತದೆ. ಎರಡನೆಯದು ತಿರುಗುವ ಹಾರ್ಡ್‌ಡಿಸ್ಕಿನ ತಲೆಯನ್ನು ಬದಿಗಿರಿಸಿ ತಿರುಗಣೆಯನ್ನೂ ನಿಲ್ಲಿಸುತ್ತದೆ. ಪೆನ್‌ಡ್ರೈವಿಗೆ ಮೊದಲನೆಯದು ಸಾಕು, ಪೋರ್ಟಬಲ್ ಹಾರ್ಡ್‌ಡಿಸ್ಕಿಗೆ ಎರಡೂ ಬೇಕು. 'ಸಾಧನ ಬಳಕೆಯಲ್ಲಿದೆ' ಎಂದು ಯಂತ್ರ ಹಟ ಹಿಡಿದರೆ ಬಹಳ ಸಲ ಕಾರಣ ಆ ಕೋಶದಲ್ಲೇ ತೆರೆದು ಮರೆತ ಟರ್ಮಿನಲ್ ಕಿಟಕಿ.

ತಾನಾಗಿ ಹೂಡುವುದನ್ನೂ ತಾನಾಗಿ ಓಡಿಸುವುದನ್ನೂ ಒಂದೇ ಎಂದು ತಿಳಿಯಬಾರದು. 2008ರಲ್ಲಿ ಹಬ್ಬತೊಡಗಿದ ಕಾನ್ಫಿಕರ್ ಹುಳು ಪೆನ್‌ಡ್ರೈವ್‌ಗಳ ಆಟೋರನ್ ಸೌಲಭ್ಯವನ್ನೂ ದಾರಿ ಮಾಡಿಕೊಂಡಿತ್ತು. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಅದನ್ನು ಮುಚ್ಚಿತು. ಹೂಡುವುದು ಮುಂದುವರಿಯಿತು.

ದಿನವೂ ಬ್ಯಾಕಪ್ ತೆಗೆಯುವವರು ಲೇಬಲ್ ನೆಚ್ಚದೆ ಗುರುತುಸಂಖ್ಯೆಯಿಂದಲೇ ಹೂಡಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಸಾಲು ಬರೆಯುವುದು ಲೇಸು. ಅದಕ್ಕೆ 'ನೋಫೇಲ್' ಆಯ್ಕೆ ಸೇರಿಸಿದರೆ ಡಿಸ್ಕ್ ಇಲ್ಲದ ದಿನವೂ ಗಣಕ ತಡವರಿಸದೆ ಏಳುತ್ತದೆ. ಸಂಶೋಧನ ಪತ್ರಿಕೆಗಳಿಗೆ ಲೇಖನ ಕಳಿಸುವ ಗೆಳೆಯರಲ್ಲಿ ಒಂದು ವಿನಂತಿ: ಕಡತದ ಹೆಸರನ್ನು 80 ಸಂಕೇತಗಳೊಳಗೆ ಮುಗಿಸಿ, 'ಒಂದು ಅಧ್ಯಯನ'ವನ್ನು ಒಳಪುಟಕ್ಕೆ ಬಿಡಿ.