ಶಾಲಾ ವಯಸ್ಸಿನ ಬೌಲರ್: ಮೌಲ್ಯಮಾಪನ

ವೃತ್ತಿಪರ ತಂಡ ಕೊಂಡ ಶಾಲಾ ವಯಸ್ಸಿನ ಬೌಲರನ್ನು ಹರಾಜಿನ ಬೆಲೆಯಿಂದಾಗಲಿ ಮೊದಲ ಪಂದ್ಯದಿಂದಾಗಲಿ ಅಳೆಯುವುದು ತಪ್ಪು. ದೇಹ ಬಲಿಯುವ ವರ್ಷಗಳಲ್ಲಿ ಚೆಂಡಿನ ಮೇಲಿನ ಹಿಡಿತ ಹೇಗೆ ಬೆಳೆಯುತ್ತದೆಂಬುದೇ ಸರಿಯಾದ ಅಳತೆ. ಐಪಿಎಲ್‌ನ ಬೆಂಗಳೂರು ತಂಡ 1.5 ಕೋಟಿ ರೂಪಾಯಿಗೆ ಪಡೆದ ಲೆಗ್ ಸ್ಪಿನ್ನರ್ ಪ್ರಯಾಸ್ ರೇ ಬರ್ಮನ್ 2019ರಲ್ಲಿ, 16 ವರ್ಷ 157 ದಿನಗಳ ವಯಸ್ಸಿನಲ್ಲಿ, ಹೈದರಾಬಾದ್ ವಿರುದ್ಧ 4 ಓವರ್‌ಗಳಲ್ಲಿ ವಿಕೆಟ್ ಸಿಗದೆ 56 ರನ್ ಕೊಟ್ಟರು. ಐಪಿಎಲ್‌ನಲ್ಲಿ ಅವರು ಆಡಿದ್ದು ಅದೊಂದೇ ಪಂದ್ಯ. 24 ಎಸೆತಗಳಿಂದ ತೀರ್ಪು ಹೇಳಲಾಗದು. ನಿಜವಾದ ಪ್ರತಿಭೆ ಎಳವೆಯಲ್ಲೇ ಹೊಳೆಯುತ್ತದಲ್ಲ ಎಂದು ಕೆಲವರು ವಾದಿಸಬಹುದು. ಆದರೆ ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ್ 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತಾಗ ಅವರಿಗೆ 26 ವರ್ಷ. ಹಾಗಾಗಿ ಅದೇ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳನ್ನು ನೋಡುವ ಆಯ್ಕೆಗಾರರು ಮರುವರ್ಷವೂ ಬಂದು, ದಣಿದ ಭುಜದ ಎಸೆತವನ್ನೂ ನೋಡಬೇಕು.