ರೆಂಬ್ರಾಂಟನ ಮನೆ

ಹಳೆಯ ಮನೆಯ ಚರಿತ್ರೆಯನ್ನು ಅರಸುವವರಿಗೆ ಅದರ ಗೋಡೆತೊಲೆಗಳು ಹೇಳುವುದು ಅರ್ಧ ಮಾತ್ರ. ಮಿಕ್ಕ ಅರ್ಧವನ್ನು ಕ್ರಯಪತ್ರ, ಸಾಲಪತ್ರ, ನ್ಯಾಯಸ್ಥಾನದ ದಫ್ತರಗಳಿಂದ ತಿಳಿಯಬೇಕಾಗುತ್ತದೆ. ಹಾಲೆಂಡು ದೇಶದ ಆಮ್‌ಸ್ಟರ್‌ಡಾಮ್ ನಗರದಲ್ಲಿ, ಚಿತ್ರಕಾರ ರೆಂಬ್ರಾಂಟನು ಸುಮಾರು ಇಪ್ಪತ್ತು ವರ್ಷ ಬಾಳಿದ ಮನೆ ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಈ ಮನೆಯನ್ನು ಕಟ್ಟಿದ್ದು 1606ರ ಸುಮಾರಿನಲ್ಲಿ. ವ್ಯಾಪಾರದಿಂದ ಸಿರಿವಂತವಾದ ನಗರವು ಆಗ ಹೊಸ ಬೀದಿಗಳಿಗೆ ಹಬ್ಬುತ್ತಿದ್ದಿತು. ಈ ಬೀದಿಯಲ್ಲಿ ವರ್ತಕರೂ ಚಿತ್ರಕಾರರೂ ನೆಲೆಸಿದರು. ಯೆಹೂದ್ಯರು ಹೆಚ್ಚಾಗಿ ಬಂದು ಸೇರಿದ ಮೇಲೆ ಅದಕ್ಕೆ ‘ಯೆಹೂದ್ಯರ ಅಗಲಬೀದಿ’ ಎಂಬರ್ಥದ ಹೆಸರಾಯಿತು. 1627ರ ಸುಮಾರಿಗೆ ಮನೆಗೆ ಮತ್ತೊಂದು ಅಂತಸ್ತು ಏರಿತು. ಡಚ್ಚರಿಗೆ ವಾಡಿಕೆಯಾಗಿದ್ದ ಮೆಟ್ಟಿಲಿನಾಕಾರದ ನೆತ್ತಿ ಹೋಗಿ, ಪ್ರಾಚೀನ ರೋಮನರ ದೇವಾಲಯಗಳನ್ನು ನೆನಪಿಗೆ ತರುವ ತ್ರಿಕೋನದ ನೆತ್ತಿ ಬಂದಿತು.

1639ರಲ್ಲಿ ರೆಂಬ್ರಾಂಟನು ಇದನ್ನು 13,000 ಗಿಲ್ಡರು ನಾಣ್ಯಗಳಿಗೆ ಕೊಂಡನು. ‘ರಾತ್ರಿಯ ಪಹರೆ’ ಎಂದು ಹೆಸರಾದ 1642ರ ಮಹಾಚಿತ್ರಕ್ಕೆ ಅವನಿಗೆ ದೊರೆತ ಸಂಭಾವನೆ ಸುಮಾರು 1,600 ಗಿಲ್ಡರು. ಮನೆಯ ಬೆಲೆ ಅಂಥ ಎಂಟು ಚಿತ್ರಗಳ ಸಂಪಾದನೆ! ಹಣವನ್ನು ಕಂತುಗಳಲ್ಲಿ ತೀರಿಸುವುದೆಂದು ಕರಾರಾಗಿದ್ದಿತು. ಅದೇ 1642ರಲ್ಲಿ ಅವನ ಪತ್ನಿ ಸಾಸ್ಕಿಯಾ ಹಸುಗೂಸು ಟೈಟಸನನ್ನು ಬಿಟ್ಟು ತೀರಿಕೊಂಡಳು. ರೆಂಬ್ರಾಂಟನು ಶಿಷ್ಯರಿಗೆ ಕಲಿಸುತ್ತ, ಚಿತ್ರ ಬರೆಯುತ್ತ, ಅಪೂರ್ವ ವಸ್ತುಗಳನ್ನು ಕೈತುಂಬ ಕೊಳ್ಳುತ್ತ ಇದ್ದನು. ಮನೆಯ ಬಾಕಿ ಮಾತ್ರ ಹಾಗೆಯೇ ನಿಂತಿತು.

1653ರಲ್ಲಿ ಮಾರಿದವರು ಬಾಕಿಗಾಗಿ ಒತ್ತಾಯಿಸಿದರು. ಒಂದು ಸಾಲವನ್ನು ತೀರಿಸಲು ಬೇರೆ ಸಾಲಗಳು ಹುಟ್ಟಿದುವು. 1656ರ ಜುಲೈ ತಿಂಗಳಲ್ಲಿ ಅವನು ದಿವಾಳಿಯಾಗಿ ತನ್ನ ಸ್ವತ್ತನ್ನು ಸಾಲಗಾರರಿಗೆ ಒಪ್ಪಿಸಬೇಕಾಯಿತು. ಅಧಿಕಾರಿಗಳು ಕೋಣೆಕೋಣೆಯಾಗಿ ಹೋಗಿ ಪಟ್ಟಿ ಬರೆದರು. ಅದರಲ್ಲಿ 363 ಬಾಬುಗಳಿವೆ: ಚಿತ್ರಪಟಗಳು, ಚಿಪ್ಪುಗಳು, ಆಯುಧಗಳು, ರೋಮನ್ ಚಕ್ರವರ್ತಿಗಳ ತಲೆಯ ಪ್ರತಿಮೆಗಳು, ಮನೆಯ ಪಾತ್ರೆಪದಾರ್ಥಗಳು. ಸೂಕ್ಷ್ಮಚಿತ್ರಗಳ ಸಂಪುಟವೊಂದೂ ಪಟ್ಟಿಯಲ್ಲುಂಟು. ಜಹಾಂಗೀರ್, ಷಹಜಹಾನ್ ಮುಂತಾದವರ ಮೊಗಲ್ ಚಿತ್ರಗಳನ್ನು ನೋಡಿ ರೆಂಬ್ರಾಂಟನು ಆ ವರ್ಷಗಳಲ್ಲಿಯೇ ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಇಂದಿಗೂ ಉಳಿದಿವೆ. ನಮ್ಮ ದೇಶದ ಕುಂಚಗಾರರ ಕೆಲಸವನ್ನು ಆ ಮಹಾಕಲಾವಿದನು ಎಷ್ಟು ಶ್ರದ್ಧೆಯಿಂದ ನೋಡಿದನೆಂಬುದಕ್ಕೆ ಅವು ಸಾಕ್ಷಿ.

1658ರಲ್ಲಿ ಮನೆ ಹರಾಜಾಗಿ, ಕೊಂಡ ಬೆಲೆಗಿಂತ ಕಡಮೆಗೆ, 11,218 ಗಿಲ್ಡರುಗಳಿಗೆ ಹೋಯಿತು. ರೆಂಬ್ರಾಂಟನು ಬಾಡಿಗೆಯ ಚಿಕ್ಕ ಮನೆಯೊಂದಕ್ಕೆ ತೆರಳಿ, 1669ರಲ್ಲಿ ಕಾಲವಾದನು. ಅವನು ಬಿಟ್ಟ ಮನೆ ಕೈಯಿಂದ ಕೈಗೆ ದಾಟಿ, ಒಳಗೆಲ್ಲ ಮಾರ್ಪಾಟಾಗಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜೀರ್ಣಾವಸ್ಥೆಗೆ ಬಂದಿತು. 1906ರಲ್ಲಿ ಚಿತ್ರಕಾರನ ಮುನ್ನೂರನೆಯ ಜಯಂತಿ ಬಂದಾಗ ಅದನ್ನು ಉಳಿಸುವ ಪ್ರಯತ್ನ ನಡೆಯಿತು. ನಗರಸಭೆಯವರು ಮನೆಯನ್ನು ಕೊಂಡರು. ಜೀರ್ಣೋದ್ಧಾರವಾದ ಮೇಲೆ, 1911ರಲ್ಲಿ, ವಿಲ್ಹೆಲ್ಮಿನಾ ರಾಣಿಯು ಅದನ್ನು ವಸ್ತುಸಂಗ್ರಹಾಲಯವಾಗಿ ತೆರೆದಳು.

ಆದರೆ ಒಳಗಣ ಕೋಣೆಗಳು ರೆಂಬ್ರಾಂಟನ ಕಾಲದವುಗಳಂತೆ ಇರಲಿಲ್ಲ. 1990ರ ದಶಕದಲ್ಲಿ ಅವನ್ನು ಹಿಂದಿನ ರೂಪಕ್ಕೆ ತರಹೊರಟವರಿಗೆ ದಾರಿ ತೋರಿಸಿದ್ದು 1656ರ ಆ ಪಟ್ಟಿಯೇ. ಯಾವ ಕೋಣೆಯಲ್ಲಿ ಮಂಚವಿದ್ದಿತು, ಎಲ್ಲಿ ಅಪೂರ್ವ ವಸ್ತುಗಳಿದ್ದುವು ಎಂಬುದನ್ನು ಅದರಿಂದ ತಿಳಿದು, ಆ ಕಾಲದ ತತ್ಸಮಾನ ಸಾಮಗ್ರಿಗಳನ್ನು ತಂದು ಇರಿಸಿದರು.

ಒಬ್ಬನ ಮನೆಯನ್ನು ಬರಿದುಮಾಡುವುದಕ್ಕಾಗಿ ಬರೆದ ಕಾಗದವು ಮುನ್ನೂರು ವರ್ಷಗಳಾಚೆ ಅದೇ ಮನೆಯನ್ನು ಮತ್ತೆ ತುಂಬಿತು. ಬರೆದ ಗುಮಾಸ್ತರಿಗೆ ಚರಿತ್ರೆಯ ಗೊಡವೆ ಇರಲಿಲ್ಲ. ಕಂಡದ್ದನ್ನು ಕಂಡ ಕಡೆಯಲ್ಲಿಯೇ ತಪ್ಪದೆ ಗುರುತಿಸಿದರು. ಹಳೆಯ ಲೆಕ್ಕಪತ್ರಗಳನ್ನು ಕಸವೆಂದು ಹೊರಗೆಸೆಯುವ ಮುನ್ನ ಈ ಮನೆಯನ್ನು ಒಮ್ಮೆ ಸ್ಮರಿಸುವುದು ಒಳ್ಳೆಯದು.