ಹಳೆಯ ಕಾರಿಗೆ ಬೆಲೆ ಕಟ್ಟಿದ ಕಥೆ

ನಿಮ್ಮಲ್ಲೊಬ್ಬರು ಒಂದೂಕಾಲು ಲಕ್ಷ ರೂಪಾಯಿ ಕೂಡಿಸಿಕೊಂಡು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟಿದ್ದೀರಿ ಎಂದಿಟ್ಟುಕೊಳ್ಳೋಣ. ಟ್ಯೂಷನ್ ಹೇಳಿ ಗಳಿಸಿದ್ದು ಅರ್ಧ, ಮನೆಯವರು ಕೊಟ್ಟದ್ದು ಅರ್ಧ. ಇನ್ನು ಹತ್ತು ಸಾವಿರ ಬೇಕೆಂದರೂ ಹುಟ್ಟುವುದಿಲ್ಲ. ಕಾರು ಫಳಫಳ ಹೊಳೆಯುತ್ತಿದೆ. ಮಾರುವವನು, "ಡಾಕ್ಟರೊಬ್ಬರು ಇಟ್ಟುಕೊಂಡಿದ್ದ ಗಾಡಿ ಸಾರ್, ಮಳೆ ಬಂದರೆ ಹೊರಗೇ ತೆಗೆಯುತ್ತಿರಲಿಲ್ಲ" ಎನ್ನುತ್ತಾನೆ. ನಂಬಬೇಕೋ ಬೇಡವೋ?

ನಿಮ್ಮ ಅಜ್ಜನ ಕಾಲದಲ್ಲಿ ಈ ಪ್ರಶ್ನೆ ಇಷ್ಟು ಕಾಡುತ್ತಿರಲಿಲ್ಲ. ಆಗಿನ ತೊಂದರೆಯೇ ಬೇರೆ. ಸುಸ್ಥಿತಿಯಲ್ಲಿದ್ದ ಹಳೆಯ ಕಾರಿಗೆ ಕೆಲವೊಮ್ಮೆ ಹೊಸ ಕಾರಿನ ನಿಗದಿತ ಬೆಲೆಗಿಂತ ಹೆಚ್ಚು ಹಣ ಕೊಡಬೇಕಾಗುತ್ತಿತ್ತು! ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಭಾರತದಲ್ಲಿಯೇ ಕಾರು ತಯಾರಾಗಬೇಕೆಂದು ಮೊದಲು ಹಟ ಹಿಡಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. 1930ರ ದಶಕದಲ್ಲಿ ಅವರು ಯುರೋಪು, ಅಮೆರಿಕಗಳಲ್ಲಿ ಸಂಚರಿಸಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದರು. ಅವರ ಯೋಜನೆಗೆ ಆಸರೆಯಾಗಲು ಮೈಸೂರು ಸಂಸ್ಥಾನ ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಮಾತ್ರ ಒಪ್ಪಲಿಲ್ಲ. ಅವರೊಂದಿಗೆ ಕೈಜೋಡಿಸಿದ್ದ ಉದ್ಯಮಿ ವಾಲಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಅದಕ್ಕೆ ಎರಡು ವರ್ಷ ಮೊದಲೇ ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿತ್ತು. ಬೆಂಗಳೂರಿನ ಬೀದಿಗಳಿಗೆ ಕಾರಿನ ಕಾರ್ಖಾನೆ ತಪ್ಪಿತಲ್ಲ ಎಂದು ಕೊರಗಬೇಕೋ, ಇಂದಿನ ವಾಹನ ಸಂದಣಿಯನ್ನು ನೋಡಿ ಸಮಾಧಾನಪಡಬೇಕೋ, ನೀವೇ ಹೇಳಿ.

ಸ್ವಾತಂತ್ರ್ಯದ ನಂತರ ಸರ್ಕಾರದ ನೀತಿ ಸ್ಪಷ್ಟವಾಗಿತ್ತು. ವಿದೇಶದಿಂದ ಬಿಡಿಭಾಗ ತಂದು ಇಲ್ಲಿ ಜೋಡಿಸಿದರೆ ಸಾಲದು, ಇಲ್ಲಿಯೇ ತಯಾರಿಸಬೇಕು ಎಂದಿತು. ಅದಕ್ಕೊಪ್ಪದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು 1950ರ ದಶಕದಲ್ಲಿ ಗಂಟುಮೂಟೆ ಕಟ್ಟಿದವು. ಕೊನೆಗೆ ಕಾರು ಕೊಳ್ಳುವ ಸಾಮಾನ್ಯ ಸಂಸಾರಸ್ಥನಿಗೆ ಉಳಿದದ್ದು ಮೂರೇ ಹೆಸರು. 1957ರಲ್ಲಿ ಬಂದ ಅಂಬಾಸಿಡರ್, ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ಫಿಯೆಟ್, ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೆ ಲೈಸೆನ್ಸ್. ಎಷ್ಟಕ್ಕೆ ಮಾರಬೇಕೆಂಬುದಕ್ಕೂ ಸರ್ಕಾರದ ಕಟ್ಟು. ಯಾರಿಗೆ ಹಂಚಬೇಕೆಂಬುದಕ್ಕೆ 1959ರಲ್ಲಿ ಒಂದು ನಿಯಂತ್ರಣ ಆದೇಶವೇ ಹೊರಟಿತು. 1980ರ ಹೊತ್ತಿಗೂ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು ಸುಮಾರು 30,000 ಮಾತ್ರ.

ಬೆಲೆಗೆ ಕಟ್ಟು ಹಾಕಬಹುದು, ಬಯಕೆಗೆ ಹಾಕಲಾಗುವುದಿಲ್ಲವಷ್ಟೆ. ಹಣ ಕಟ್ಟಿ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಕಾಯಲಾರದವರು ಹಳೆಯ ಕಾರಿನತ್ತ ತಿರುಗುತ್ತಿದ್ದರು. ಹಳೆಯ ಕಾರಿನ ಬೆಲೆಗೆ ಯಾವ ನಿಯಂತ್ರಣವೂ ಇರಲಿಲ್ಲ. ಹಾಗಾಗಿ ಅಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಕಬ್ಬಿಣಕ್ಕಷ್ಟೇ ಅಲ್ಲ, ಉಳಿದುಹೋದ ವರ್ಷಗಳಿಗೂ ಹಣ ಕೊಡುತ್ತಿದ್ದರು.

ಆ ಕಾಲಕ್ಕೆ ಒಂದು ಅನುಕೂಲವೂ ಇತ್ತು. ದೇಶದಲ್ಲಿ ಮೂರೇ ಬಗೆಯ ಕಾರುಗಳಿದ್ದರೆ ಅವುಗಳ ಕಾಯಿಲೆ ಊರಿಗೆಲ್ಲ ಗೊತ್ತಿರುತ್ತದೆ. ಮರದ ಕೆಳಗೆ ಗ್ಯಾರೇಜು ಇಟ್ಟುಕೊಂಡ ಮೆಕ್ಯಾನಿಕ್ ಎಂಜಿನ್ನಿನ ಸದ್ದು ಕೇಳಿಯೇ ಬೋರ್ ಮಾಡಿಸಬೇಕೋ ಬೇಡವೋ ಹೇಳುತ್ತಿದ್ದ. ಮೋಸ ಇರಲಿಲ್ಲವೆಂದಲ್ಲ. ನಾನು ಮೊದಲು ಕೊಂಡ ಹಳೆಯ ಫಿಯೆಟ್ಟಿನ ಬಾಗಿಲನ್ನು ಬೆರಳಿನಿಂದ ತಟ್ಟಿದರೆ ತಗಡಿನ ಸದ್ದು ಬರುತ್ತಿರಲಿಲ್ಲ, ಗೋಡೆ ತಟ್ಟಿದಂತಾಗುತ್ತಿತ್ತು. ತುಕ್ಕು ತಿಂದ ಜಾಗಕ್ಕೆಲ್ಲ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಆಯಸ್ಕಾಂತ ಹಿಡಿದು ನೋಡುವ ಉಪಾಯ ನನಗೆ ತಿಳಿದದ್ದು ಹಣ ಕೊಟ್ಟ ಮೇಲೆ. ಅದರಲ್ಲೇ ಏಳು ವರ್ಷ ಓಡಾಡಿದೆ, ಅದು ಬೇರೆ ಮಾತು.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿಕೈ ಗ್ರಾಹಕರ ಕೈ ಸೇರಿತು. ಬೆಲೆ ಐವತ್ತು ಸಾವಿರ ರೂಪಾಯಿಯ ಆಸುಪಾಸು. ಆರಂಭದಲ್ಲಿ ಇಲ್ಲಿಯೂ ಹಳೆಯ ಆಟವೇ ನಡೆಯಿತು. ಲಕ್ಷಕ್ಕೂ ಹೆಚ್ಚು ಜನ ಮುಂಗಡ ಕಟ್ಟಿ ಕಾದರು. ಆದರೆ ಕಾರ್ಖಾನೆ ದೊಡ್ಡದಾಗುತ್ತ ಹೋಯಿತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಕೆಂಬ ನಿಯಮ ಹೋಯಿತು. 1998ರ ಹೊತ್ತಿಗೆ ಸ್ಯಾಂಟ್ರೊ, ಮ್ಯಾಟಿಜ್, ಇಂಡಿಕಾ ಒಂದರ ಹಿಂದೊಂದು ಬಂದವು. ಸರದಿಯ ಸಾಲು ಕರಗಿತು. ಅದರೊಂದಿಗೆ ಹಳೆಯ ಕಾರಿಗಿದ್ದ ಗೌರವವೂ ಕರಗಿತು. ಕಾಯುವ ಅಗತ್ಯವಿಲ್ಲದ ಮೇಲೆ ಕಾಯುವಿಕೆಗೆ ಯಾರು ಹಣ ಕೊಡುತ್ತಾರೆ? ಶೋರೂಮಿನಿಂದ ಹೊರಗೆ ಬಂದ ಮರುದಿನವೇ ಕಾರಿನ ಬೆಲೆ ಇಳಿಯತೊಡಗಿತು.

ಈ ಇಳಿತಕ್ಕೆ ಕಾರಣ ಕಬ್ಬಿಣದ ಸವೆತವೊಂದೇ ಅಲ್ಲ. ಇದನ್ನು ವಿವರಿಸಿ ಹೆಸರಾದವರು ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು. ಹಳೆಯ ಕಾರಿನ ಮಾರುಕಟ್ಟೆಯ ಬಗ್ಗೆ ಅವರು ಬರೆದ ಪ್ರಬಂಧವನ್ನು ಮೂರು ಪತ್ರಿಕೆಗಳು ಹಿಂದಿರುಗಿಸಿದವು. 1970ರಲ್ಲಿ ನಾಲ್ಕನೆಯದು ಪ್ರಕಟಿಸಿತು. 2001ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಮೂವರಲ್ಲಿ ಅವರೊಬ್ಬರು. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ ನಿಂಬೆಹಣ್ಣು ಎನ್ನುತ್ತಾರೆ. ಪ್ರಬಂಧದ ಹೆಸರಿನಲ್ಲಿಯೂ ಆ ಪದವಿದೆ. ನಾವಾದರೋ ಕಾರು ತಂದ ದಿನ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು ಹತ್ತಿಸುತ್ತೇವೆ.

ಅವರ ವಾದವನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಸಂತೆಯಲ್ಲಿ ಹತ್ತು ಕಾರುಗಳಿವೆ. ಐದು ಚೆನ್ನಾಗಿವೆ, ಒಂದೊಂದಕ್ಕೆ ಎರಡು ಲಕ್ಷ ಕೊಡಬಹುದು. ಐದು ಕೆಟ್ಟವು, ಒಂದೊಂದು ಲಕ್ಷ ಬಾಳುತ್ತವೆ. ಯಾವುದು ಎಂಥದೆಂದು ಮಾರುವವನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ನೀವು ಸರಾಸರಿ ಲೆಕ್ಕ ಹಾಕಿ ಒಂದೂವರೆ ಲಕ್ಷ ಹೇಳುತ್ತೀರಿ. ಒಳ್ಳೆಯ ಕಾರಿನ ಒಡೆಯ, "ಇಷ್ಟಕ್ಕೆ ನಾನೇಕೆ ಮಾರಲಿ?" ಎಂದು ಮನೆಗೆ ಹೋಗುತ್ತಾನೆ. ಉಳಿಯುವುದು ಯಾವ ಕಾರುಗಳು? ಅದೇ ಪ್ರಬಂಧದಲ್ಲಿ ಅಕರ್ಲಾಫ್ ಭಾರತದ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಅಂಗಡಿಯವರು ಬೇಕೆಂದೇ ಬೆರೆಸಿದ ಕಲ್ಲುಗಳನ್ನು ಇಲ್ಲಿನ ಗೃಹಿಣಿಯರು ಅಕ್ಕಿಯಿಂದ ಆರಿಸಬೇಕಾದ ಕಷ್ಟವನ್ನು ಅವರು ಗುರುತಿಸಿದರು. ಮೊರದ ಮುಂದೆ ಕುಳಿತ ನಿಮ್ಮ ಅಜ್ಜಿಗೆ ಈ ಶಾಸ್ತ್ರ ಮೊದಲೇ ತಿಳಿದಿತ್ತು.

ಹಾಗಾದರೆ ಹಳೆಯ ಕಾರಿನ ಕಲ್ಲುಗಳನ್ನು ಆರಿಸುವ ಮೊರ ಯಾವುದು? ಮೊದಲು ಮೆಕ್ಯಾನಿಕ್, ನಿಜ. ಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸುವ ವಿದ್ಯೆ ಹಳೆಯದು. ಮುಳ್ಳಿನ ಮೀಟರು ಹೋಗಿ ಎಲೆಕ್ಟ್ರಾನಿಕ್ ಮೀಟರು ಬಂದರೂ ಆ ವಿದ್ಯೆ ಸಾಯಲಿಲ್ಲ. ಮೂವತ್ತು ಸಾವಿರ ಕಿಲೋಮೀಟರು ತೋರಿಸುವ ಕಾರಿನ ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ರಬ್ಬರನ್ನೇ ನಂಬಿ. ಆದರೆ ನನಗೆ ಯಂತ್ರಕ್ಕಿಂತ ಕಾಗದದ ಚಿಂತೆಯೇ ಹೆಚ್ಚು. ಕೆಟ್ಟ ಕ್ಲಚ್ಚನ್ನು ಬದಲಾಯಿಸಬಹುದು.

1989ರ ಜುಲೈ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅದೇ ರಾಜ್ಯದೊಳಗೆ ಕಾರು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು. ನಮೂನೆ 29 ಮತ್ತು 30 ಇರುವುದು ಇದಕ್ಕಾಗಿ. ನಮ್ಮಲ್ಲಿ ನಡೆದುಬಂದ ರೂಢಿ ಏನು? ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳುವುದು. ಕಾರು ಮೂರು ಕೈ ದಾಟಿದರೂ ಆರ್.ಸಿ.ಯಲ್ಲಿ ಮೊದಲನೆಯವನ ಹೆಸರೇ. ಅಪಘಾತವಾದಾಗ ಪರಿಹಾರ ಕೊಡಬೇಕಾದವರು ಯಾರು ಎಂಬ ಪ್ರಶ್ನೆ 2018ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ ಎಂದು ನ್ಯಾಯಾಲಯ ಹೇಳಿತು. ಕಾರನ್ನು ಎಂದೋ ಮಾರಿ ಮರೆತವನ ತಲೆಗೆ ಹೊಣೆ ಬಂತು. ಹೆಸರು ಬದಲಾಯಿಸದೆ ಕೊಂಡವನೂ ಕ್ಷೇಮವಾಗಿಲ್ಲ. ವಿಮೆ ತನ್ನ ಹೆಸರಿಗೆ ಬರದಿದ್ದರೆ ತನ್ನ ಕಾರಿಗಾದ ನಷ್ಟವನ್ನು ಕೇಳುವ ಹಕ್ಕೇ ಅವನ ಕೈ ತಪ್ಪಬಹುದು. ವ್ಯಾಪಾರಿಗಳ ಅಂಗಳದಲ್ಲಿ ನಿಂತ ಕಾರುಗಳ ಹೊಣೆ ಯಾರದೆಂಬ ಗೊಂದಲಕ್ಕೆ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ತಂದಿತು. 2023ರ ಏಪ್ರಿಲ್‌ನಿಂದ ಅವರು ಅಧಿಕಾರಪತ್ರ ಪಡೆದಿರಬೇಕು.

ಒಂದೂಕಾಲು ಲಕ್ಷದವರಿಗೆ ಇನ್ನೊಂದು ಮಾತು. ಆ ಹಣಕ್ಕೆ ಸಿಗುವ ಕಾರು ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ ದಾಟಿರುತ್ತದೆ. ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮತ್ತೆ ನೋಂದಾಯಿಸಲು 600 ರೂಪಾಯಿ ಇದ್ದ ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಇದರ ಮೇಲೆ ಹಸಿರು ತೆರಿಗೆ, ತಪಾಸಣೆಗೆ ಒಯ್ಯುವ ಮುನ್ನ ಟಿಂಕರಿಂಗ್, ಟೈರು. ಹದಿನಾಲ್ಕು ವರ್ಷದ ಕಾರು ಅಗ್ಗವಾಗಿ ಕಾಣುವುದರ ಗುಟ್ಟು ಇದು. ಬೇರೆ ರಾಜ್ಯದ ನಂಬರಿನ ಕಾರು ಇನ್ನೂ ಅಗ್ಗ. ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ ಸೇರಿಸಿ ಕೂಡಿ ನೋಡಿದ ಮೇಲೆ ಆ ಮಾತು ಆಡಬೇಕು.

ನೀವು ನೋಡಲು ಹೋದ ಕಾರಿನ ಬಳಿಗೆ ಮರಳೋಣ. ಅದು ಇನ್ನೂ ಫಳಫಳ ಹೊಳೆಯುತ್ತಲೇ ಇದೆ. ಬಾನೆಟ್ ಎತ್ತುವ ಮೊದಲು ಆರ್.ಸಿ. ಕೇಳಿ. ನೋಂದಣಿಯ ದಿನಾಂಕ, ಎಷ್ಟನೆಯ ಮಾಲೀಕ, ಬ್ಯಾಂಕಿನ ಸಾಲದ ನಮೂದು ತೆಗೆಸಿದ್ದಾರೆಯೇ, ಚಾಸಿ ನಂಬರು ಕಾರಿನ ಮೈಮೇಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಮಳೆಯಲ್ಲಿ ಹೊರಗೆ ತೆಗೆಯದ ಆ ಡಾಕ್ಟರ ಹೆಸರು ಅದರಲ್ಲಿದ್ದರೆ, ಅವರಿಗೇ ಒಂದು ಫೋನ್ ಮಾಡಿ.